ಎ3 ಹಾಳೆಗೆ ಹಿಗ್ಗಿಸಿ ಓದಿದ ಎಕ್ಸ್‌ಟೆಂಡೆಡ್ ವಾರಂಟಿ

ಬೆಂಗಳೂರಿನ ವಿಜಯನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹತ್ತೊಂಬತ್ತು ವರ್ಷ ಆಯಿತು. ಆಧಾರ್, ಮಾರ್ಕ್ಸ್ ಕಾರ್ಡು, ಬಾಡಿಗೆ ಅಗ್ರಿಮೆಂಟು, ಕೋರ್ಟಿನ ಕಾಗದ, ಆಸ್ಪತ್ರೆ ಬಿಲ್ಲು, ಹೀಗೆ ಸುತ್ತಮುತ್ತಲಿನವರ ಕಷ್ಟಸುಖವೆಲ್ಲ ನನ್ನ ಮಿಷಿನ್ನಿನ ಗಾಜಿನ ಮೇಲೆ ಬೋರಲಾಗಿ ಮಲಗಿ ಎದ್ದು ಹೋಗುತ್ತದೆ. ಓದಬಾರದು ಅಂತ ಗೊತ್ತು. ಆದರೂ ಕಣ್ಣು ಹೋಗುತ್ತದೆ. ಈ ಕೆಟ್ಟ ಅಭ್ಯಾಸದಿಂದ ನನಗೆ ದುಡ್ಡಿನ ಲಾಭ ಆಗಿದ್ದು ಒಂದೇ ಸಲ. ಅದು ಕಾರಿನ ಎಕ್ಸ್‌ಟೆಂಡೆಡ್ ವಾರಂಟಿ ವಿಷಯದಲ್ಲಿ. ಅಂದರೆ ಕಾರಿನ ಜೊತೆ ಬರುವ ಮೂಲ ವಾರಂಟಿ ಮುಗಿದ ಮೇಲೂ ಮುಂದುವರಿಯಲಿ ಅಂತ ಬೇರೆ ದುಡ್ಡು ಕೊಟ್ಟು ಕೊಳ್ಳುವ ವಾರಂಟಿ.

ಎರಡು ವರ್ಷದ ವಾರಂಟಿ, 2025ರ ನವೆಂಬರ್ 15ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಅನುಭವ ಬರೆದುಬಿಡೋಣ ಅನ್ನಿಸಿತು. ಅಂಗಡಿಗೆ ಬರುವವರು ಕೇಳುತ್ತಲೇ ಇರುತ್ತಾರೆ, "ತಗೋಬಹುದಾ ಸರ್?" ಅಂತ. ಕಾರು ಯಾವ ಕಂಪನಿಯದು, ಸರ್ವಿಸ್ ಸೆಂಟರ್ ಯಾವುದು ಅಂತ ಹೇಳುವುದಿಲ್ಲ. ಅಲ್ಲಿ ಕೆಲಸ ಮಾಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಮೈಸೂರು ರಸ್ತೆ ಕಡೆ ಇದೆ, ಅಷ್ಟು ಸಾಕು.

ಕಾರು ಪೆಟ್ರೋಲ್, ಎಎಂಟಿ ಗೇರು. ಅಂದರೆ ಕಾಲಡಿ ಕ್ಲಚ್ ಪೆಡಲ್ ಇಲ್ಲ, ಒಳಗೆ ಕ್ಲಚ್ ಇದೆ. ಅದನ್ನು ಒತ್ತುವ ಕೆಲಸ ನಮ್ಮ ಕಾಲಿನ ಬದಲು ಆಕ್ಚುಯೇಟರ್ ಅನ್ನೋ ಒಂದು ಯಂತ್ರ ಮಾಡುತ್ತದೆ. ನನ್ನ ಎಡ ಮಂಡಿ ಸರಿ ಇಲ್ಲ. ಅದಕ್ಕೇ ಇದನ್ನು ತಗೊಂಡಿದ್ದು. ಈ ಆಕ್ಚುಯೇಟರ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

2020ರ ಬಲಿಪಾಡ್ಯಮಿ ದಿನ ಡೆಲಿವರಿ. ಅದಕ್ಕೆ ಒಂದು ವಾರ ಮುಂಚೆ ಶೋರೂಮಿನ ಹುಡುಗ ಕೊಟೇಶನ್ ಕೊಟ್ಟ. ಎಕ್ಸ್ ಶೋರೂಂ, ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್‌ಟ್ಯಾಗ್. ಅದರ ಕೆಳಗೆ ಸಣ್ಣದಾಗಿ 'ಇ.ಡಬ್ಲ್ಯೂ. 11,210'.

"ಇದೇನಪ್ಪಾ?"

"ಎಕ್ಸ್‌ಟೆಂಡೆಡ್ ವಾರಂಟಿ ಸರ್. ಕಂಪಲ್ಸರಿ."

"ಹಾಗಾದ್ರೆ ಕಂಪಲ್ಸರಿ ಅಂತ ಲೆಟರ್‌ಹೆಡ್ ಮೇಲೆ ಬರೆದುಕೊಡು. ಜೆರಾಕ್ಸ್ ನಾನೇ ಮಾಡ್ಕೋತೀನಿ."

ಹುಡುಗ ಒಳಗೆ ಹೋದ. ಐದು ನಿಮಿಷ ಬಿಟ್ಟು ಬಂದ. ಆ ಸಾಲಿನ ಮೇಲೆ ಪೆನ್ನಿನ ಗೆರೆ ಬಿದ್ದಿತ್ತು. ಹೋಗುವಾಗ ಒಂದು ಮಾತು ಹೇಳಿದ, "ಸರ್, ಈಗ ಅಗ್ಗ. ಆಮೇಲೆ ತಗೊಂಡ್ರೆ ಜಾಸ್ತಿ ಆಗುತ್ತೆ." ಕಂಪಲ್ಸರಿ ಅನ್ನೋದು ಸುಳ್ಳು, ಆದರೆ ಈ ಮಾತು ನಿಜ. ಅವನಿಗೆ ಅಷ್ಟರಮಟ್ಟಿಗೆ ಮಾರ್ಕ್ಸ್ ಕೊಡಲೇಬೇಕು.

ನಮ್ಮ ಕಾರಿಗೆ ಕಂಪನಿಯದೇ ಮೂಲ ವಾರಂಟಿ ಮೂರು ವರ್ಷ ಅಥವಾ 1,00,000 ಕಿ.ಮೀ., ಯಾವುದು ಮೊದಲೋ ಅದು. ಈ 'ಯಾವುದು ಮೊದಲೋ ಅದು' ಅನ್ನೋ ಮೂರು ಪದದಲ್ಲೇ ಅರ್ಧ ವ್ಯಾಪಾರ ಅಡಗಿದೆ. ನನ್ನ ಓಡಾಟ ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರ್ ದಾಟಲ್ಲ. ನನಗೆ ವರ್ಷ ಲೆಕ್ಕ, ಕಿಲೋಮೀಟರ್ ಲೆಕ್ಕಕ್ಕಿಲ್ಲ. ಆದರೆ ನನ್ನ ಅಕ್ಕನ ಮಗ ದಿನಾ ವಿಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕಾರಲ್ಲೇ ಹೋಗಿ ಬರುತ್ತಾನೆ. ಹೋಗಿ ಬಂದು ಐವತ್ತು ಕಿಲೋಮೀಟರ್. ಶನಿವಾರ ಭಾನುವಾರ ಊರು, ಹೆಂಡತಿ ಮನೆ, ಚಿಕ್ಕಮಗಳೂರು. ಅವನಿಗೆ ವರ್ಷ ಮುಗಿಯುವ ಮುಂಚೆ ಕಿಲೋಮೀಟರ್ ಮುಗಿದುಹೋಗುತ್ತದೆ. ಇಬ್ಬರಿಗೂ ಒಂದೇ ಪ್ಲಾನ್ ಮಾರಿದರೆ ಒಬ್ಬರ ಕಿವಿ ಮೇಲೆ ಹೂ ಇಟ್ಟ ಹಾಗೆ.

ಇನ್ನೊಂದು. ಈ ವಿಷಯದಲ್ಲಿ ಪಕ್ಕದ ಮನೆಯವರ ಮಾತು ಕೇಳಬೇಡಿ. ಅವರ ಲೆಕ್ಕ ಹಳೇದಿರುತ್ತದೆ. ಮಾರುತಿ ಕಾರುಗಳಿಗೆ ಮೊದಲು ಮೂಲ ವಾರಂಟಿ 2 ವರ್ಷ ಅಥವಾ 40,000 ಕಿ.ಮೀ. ಇತ್ತು. 2024ರ ಜುಲೈನಲ್ಲಿ ಅದನ್ನು 3 ವರ್ಷ ಅಥವಾ 1,00,000 ಕಿ.ಮೀ. ಮಾಡಿದರು. ಹಾಗಾಗಿ ಆ ಜೂನ್‌ನಲ್ಲಿ ತಗೊಂಡವರಿಗೂ ಆಗಸ್ಟ್‌ನಲ್ಲಿ ತಗೊಂಡವರಿಗೂ ಎಕ್ಸ್‌ಟೆಂಡೆಡ್ ವಾರಂಟಿ ಶುರುವಾಗುವ ದಿನವೇ ಬೇರೆ. ಎಲೆಕ್ಟ್ರಿಕ್ ಕಾರಾದರೆ ಬಹಳ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಮೊದಲೇ ಕೊಟ್ಟಿರುತ್ತವೆ. ಇನ್ನೂ ದುಡ್ಡು ಕೊಡಿ ಅಂದರೆ, ಬ್ಯಾಟರಿ ಬಿಟ್ಟು ಬೇರೆ ಯಾವುದಕ್ಕೆ ಅಂತ ಕೇಳಬೇಕಲ್ವಾ? ಹಳದಿ ಬೋರ್ಡ್ ಕಾರಿಗಂತೂ ಷರತ್ತೇ ಬೇರೆ ಇರುತ್ತದೆ.

2023ರ ಸೆಪ್ಟೆಂಬರ್. ಮೂಲ ವಾರಂಟಿ ಮುಗಿಯಲು ಎರಡು ತಿಂಗಳು ಇತ್ತು. ಸರ್ವಿಸ್‌ಗೆ ಬಿಟ್ಟಾಗ ಅಡ್ವೈಸರ್ ಹೇಳಿದ, "ಎರಡು ವರ್ಷಕ್ಕೆ 18,400 ಆಗುತ್ತೆ ಸರ್. ಮುಗಿದ ಮೇಲೆ ಕೊಡಕ್ಕಾಗಲ್ಲ." ಅದೂ ನಿಜವೇ. ಸಾಮಾನ್ಯವಾಗಿ ಮೂಲ ವಾರಂಟಿ ಜೀವಂತ ಇದ್ದಾಗಲೇ ತಗೋಬೇಕು. ನಾನು ಷರತ್ತಿನ ಪುಸ್ತಕ ಕೇಳಿದೆ. ಅವನು ಬಣ್ಣದ ಪಾಂಪ್ಲೆಟ್ ಕೊಟ್ಟ. ಗಂಡ, ಹೆಂಡತಿ, ಮಗು, ಗುಡ್ಡದ ಮೇಲೆ ಕಾರು. ಇದಲ್ಲಪ್ಪಾ, ಪುಸ್ತಕ ಅಂದೆ. ಇಪ್ಪತ್ತು ನಿಮಿಷ ಹುಡುಕಿ ಅಂಗೈ ಅಗಲದ ಒಂದು ಪುಸ್ತಕ ತಂದುಕೊಟ್ಟ. ಅದನ್ನು ಕೇಳಿದವರಲ್ಲಿ ನಾನೇ ಮೊದಲಿಗನೇನೋ, ಮೇಲೆ ಧೂಳಿತ್ತು.

ಅಕ್ಷರ ಎಷ್ಟು ಸಣ್ಣದು ಅಂದರೆ ನನ್ನ ಕನ್ನಡಕಕ್ಕೆ ನಿಲುಕಲಿಲ್ಲ. ಅಂಗಡಿಗೆ ತಂದೆ. ಎ6 ಸೈಜಿನ ಪುಟ. 200 ಪರ್ಸೆಂಟ್‌ಗೆ ಹಾಕಿ ಎ4 ಮಾಡಿದೆ. ಸಾಲದು ಅನ್ನಿಸಿತು. ಮತ್ತೆ 141ಕ್ಕೆ ಹಾಕಿ ಎ3 ಮಾಡಿದೆ. ಕ್ಯಾಲೆಂಡರ್ ಥರ ಆಯಿತು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಲ್ಲಿ ಹಳದಿ ಮಾರ್ಕರ್ ಹಿಡಿದು ಕೂತೆ.

'ಇವು ಸೇರಿವೆ' ಅನ್ನೋ ಪಟ್ಟಿ ಒಂದೂವರೆ ಪುಟ. 'ಇವು ಸೇರಿಲ್ಲ' ಅನ್ನೋದು ಎರಡೂವರೆ ಪುಟ. ಎಲ್ಲರೂ ಮೊದಲನೆಯದನ್ನು ತೋರಿಸಿ ಮಾರುತ್ತಾರೆ. ಎರಡನೆಯದನ್ನು ಓದಿದರೆ ಮಾತ್ರ ನಾವು ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಾಗುವುದು. ಬ್ರೇಕ್ ಪ್ಯಾಡ್ ಇಲ್ಲ. ಕ್ಲಚ್ ಪ್ಲೇಟ್ ಇಲ್ಲ. ಟೈರು, ವೈಪರ್, ಬಲ್ಬು, ಬೆಲ್ಟು, ಫಿಲ್ಟರು, ಕೀಲುಗಳ ಮಧ್ಯೆ ಕೂರುವ ರಬ್ಬರಿನ ಬುಷ್ಷು, ಹೋಸು ಯಾವುದೂ ಇಲ್ಲ. ಆಯಿಲ್, ಕೂಲೆಂಟ್, ಎಸಿ ಗ್ಯಾಸ್ ಇಲ್ಲ. ಬಾನೆಟ್ ಒಳಗಿನ 12 ವೋಲ್ಟ್ ಬ್ಯಾಟರಿಗೆ ಅದರ ಕಂಪನಿಯದೇ ಬೇರೆ ಕಾರ್ಡು.

ಓದುತ್ತಾ ಓದುತ್ತಾ ನಗು ಬಂತು. ನಾಯಂಡಹಳ್ಳಿ ಜಂಕ್ಷನ್ ದಾಟಿ ಓಡಾಡುವವರ ಕಾರಲ್ಲಿ ಮೊದಲು ಹೋಗುವುದೇ ಇವು. ಗುಂಡಿಗೆ ಬುಷ್ಷು, ಸಿಗ್ನಲ್ಲಿಗೆ ಕ್ಲಚ್ಚು, ರೋಡ್ ಹಂಪ್‌ಗೆ ಶಾಕ್ ಅಬ್ಸಾರ್ಬರು. ಬೆಂಗಳೂರಿನ ರಸ್ತೆ ಯಾವುದನ್ನು ತಿನ್ನುತ್ತದೋ ಅದನ್ನೆಲ್ಲ ಕಂಪನಿಯವರು 'ಸವೆತ' ಅಂತ ಕರೆದು ಪಕ್ಕಕ್ಕಿಟ್ಟಿದ್ದಾರೆ. ಹಾಗಾದರೆ ಉಳಿದಿದ್ದು ಏನು? ಇಂಜಿನ್ ಒಳಗಿನ ಭಾಗ, ಗೇರ್‌ಬಾಕ್ಸ್, ಸ್ಟೀರಿಂಗ್ ಮೋಟರ್, ಎಸಿ ಕಂಪ್ರೆಸರ್, ಇಸಿಎಂ ಅನ್ನೋ ಇಂಜಿನ್ನಿನ ಕಂಪ್ಯೂಟರ್, ಕಿಟಕಿ ಮೋಟರು, ಕಂಪನಿಯೇ ಕೂರಿಸಿದ ಟಚ್ ಸ್ಕ್ರೀನ್. ಅಂದರೆ ಎಂದೋ ಒಂದು ದಿನ ಹೇಳದೆ ಕೇಳದೆ ಕೈ ಕೊಡುವಂಥವು. ಕೊಟ್ಟರೆ ಸಾವಿರದಲ್ಲಿ ಮುಗಿಯಲ್ಲ, ಹತ್ತು ಸಾವಿರದ ಲೆಕ್ಕ. ಈ ಪಟ್ಟಿಯಲ್ಲಿ ಹುಡುಕಿದೆ. 'ಎಎಂಟಿ ಆಕ್ಚುಯೇಟರ್' ಅಂತ ಹೆಸರು ಹಾಕಿಯೇ ಇತ್ತು. ಅಲ್ಲಿ ಎರಡು ಸಲ ಹಳದಿ ಬಳಿದೆ. ತಗೋಬೇಕು ಅಂತ ನಿರ್ಧಾರ ಮಾಡಿದ್ದು ಆ ಒಂದು ಸಾಲಿನಿಂದ.

ಇನ್ನೂ ಎರಡು ವಿಷಯ ಅದೇ ಹಾಳೆಯಲ್ಲಿ ಸಿಕ್ಕಿದವು. ಒಂದು, ಮಳೆ ನೀರು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಕಾರುಗಳು ಮುಳುಗಿದ್ದು ನೆನಪಿದೆಯಲ್ವಾ? ನೀರು ಹೊಕ್ಕ ಇಂಜಿನ್ನಿಗೆ ವಾರಂಟಿ ಬರುವುದಿಲ್ಲ. ಅದು ಇನ್ಶೂರೆನ್ಸ್ ವಿಷಯ. ಅದರಲ್ಲೂ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಇಂಜಿನ್ ಕೆಟ್ಟರೆ ಬರೀ ಇನ್ಶೂರೆನ್ಸ್ ಸಾಲದು, ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆಡ್-ಆನ್ ಇರಬೇಕು. ಆ ದಿನಗಳಲ್ಲಿ ಸರ್ಜಾಪುರ ರಸ್ತೆಯ ನೆಂಟರೊಬ್ಬರು ವಾರಂಟಿ ಪೇಪರ್ ಹಿಡಿದು ಓಡಾಡಿದ್ದೇ ಓಡಾಡಿದ್ದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಇಲಿ ಕಡಿದ ವೈರಿಗೂ ಅಷ್ಟೇ, ವಾರಂಟಿಯವರು ಕೈ ಎತ್ತುತ್ತಾರೆ.

ಎರಡನೆಯದು ಹೊರಗಡೆ ವೈರ್ ಕತ್ತರಿಸಿ ಹಾಕಿಸುವ ಸಾಮಾನು, ಅಂದರೆ ನಮ್ಮೂರಲ್ಲಿ ಜೆ.ಸಿ. ರೋಡ್. ಅಕ್ಕನ ಮಗ ಅಲ್ಲಿ ಹೋಗಿ ಮಿಣಮಿಣ ಮಿಂಚುವ ಲೈಟು, ದೊಡ್ಡ ಹಾರನ್ನು, ರಿವರ್ಸ್ ಕ್ಯಾಮೆರಾ ಹಾಕಿಸಿಕೊಂಡು ಬಂದ. ಚೆನ್ನಾಗಿ ಮಾಡುತ್ತಾರೆ, ರೇಟೂ ಕಡಿಮೆ. ಆದರೆ ವೈರ್ ಕತ್ತರಿಸದೆ ಜೋಡಿಸುವ ಕಪ್ಲರ್ ಹಾಕದೆ ಒರಿಜಿನಲ್ ವೈರನ್ನು ಕತ್ತರಿಸಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಆಮೇಲೆ ಒಂದು ಸೆನ್ಸರ್ ಹೋದಾಗ ಸರ್ವಿಸ್ ಸೆಂಟರಿನವನು ಆ ಟೇಪನ್ನು ಬೆರಳಲ್ಲಿ ತೋರಿಸಿದ, ಅಷ್ಟೇ. ಮಾತೇ ಆಡಲಿಲ್ಲ.

ಹೊರಗಡೆ ರಿಪೇರಿ ಮಾಡಿಸಿದರೆ ವಾರಂಟಿ ಪೂರ್ತಿ ಹೋಗುತ್ತಾ? ಹೋಗುತ್ತೆ ಅಂತಲೇ ಎಲ್ಲರೂ ಹೆದರಿಸುತ್ತಾರೆ. ನನ್ನ ಅಂಗಡಿಗೆ ಬರುವ ಲಾಯರ್ ಒಬ್ಬರು ಒಂದು ದಪ್ಪ ಆರ್ಡರ್ ಕಾಪಿ ಮಾಡಿಸಿದ್ದರು. ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಸರ್ಕಾರದ ಕಾಂಪಿಟಿಷನ್ ಕಮಿಷನ್ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಎರಡೂವರೆ ಸಾವಿರ ಕೋಟಿಗೂ ಮೇಲೆ ದಂಡ ಹಾಕಿದ ಆರ್ಡರ್ ಅದು. ಹೊರಗಿನ ಗ್ಯಾರೇಜಿಗೆ ಹೋದರು ಅನ್ನೋ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅಂತ ಷರತ್ತು ಹಾಕಬಾರದು, ಹೊರಗಿನವನ ಕೆಲಸದಿಂದ ಏನು ಕೆಟ್ಟಿತೋ ಅದಕ್ಕೆ ಮಾತ್ರ ಇಲ್ಲ ಅನ್ನಬಹುದು ಅಂತ ಅದರಲ್ಲಿತ್ತು. ಕಂಪನಿಗಳು ಅಪೀಲಿಗೆ ಹೋದವು, ಆ ಕಥೆ ಉದ್ದ ಇದೆ. ನಾನಂತೂ ವಾರಂಟಿ ಇರುವಷ್ಟು ದಿನ ಕಂಪನಿ ಸರ್ವಿಸ್ ಬಿಟ್ಟು ಕದಲಲಿಲ್ಲ. ಆರ್ಡರ್ ಹಿಡಿದು ವಾದ ಮಾಡುವುದು ಲಾಯರಿಗೆ ಸುಲಭ. ನನಗೆ ಅಂಗಡಿ ಬಾಗಿಲು ತೆಗೆಯಬೇಕು.

ಈಗ ರೇಟಿಗೆ ಬರೋಣ. 18,400 ಅಂದನಲ್ಲ, ಅದನ್ನು ಬಿಡಿಸಿ ಬರೆದುಕೊಡು ಅಂದೆ. ಬರೆದ. ವಾರಂಟಿ 13,500. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 2,430. ಒಟ್ಟು 15,930. ಮತ್ತೆ ಉಳಿದ 2,470? "ಅದು ಆರ್‌ಎಸ್‌ಎ ಸರ್, ರೋಡಲ್ಲಿ ನಿಂತ್ರೆ ಬಂದು ಎಳ್ಕೊಂಡು ಹೋಗ್ತಾರೆ." ನನ್ನ ಇನ್ಶೂರೆನ್ಸ್‌ನಲ್ಲಿ ಆ ಆಡ್-ಆನ್ ಮೊದಲೇ ಇತ್ತು. ಒಂದೇ ಕಾರನ್ನು ಇಬ್ಬರು ಯಾಕೆ ಎಳೆಯಬೇಕು? ತೆಗೆಸಿದೆ. ಹೀಗೇ ಎಎಂಸಿ ಅಂತ ಇನ್ನೊಂದು ಇರುತ್ತದೆ. ಅದು ಮುಂಗಡ ದುಡ್ಡು ಕೊಟ್ಟು ಸರ್ವಿಸ್ ಮಾಡಿಸಿಕೊಳ್ಳುವ ಸ್ಕೀಮು, ವಾರಂಟಿ ಅಲ್ಲ. ಮೂರನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ 'ಪ್ರೊಟೆಕ್ಷನ್ ಪ್ಯಾಕ್' ಅಂತ ಹೆಸರಿಡುತ್ತಾರೆ. ಪೊಟ್ಟಣ ಬಿಚ್ಚಿಸಿ ನೋಡಿ.

ಅದೇ ಕಂಪನಿಯ ಇನ್ನೊಬ್ಬ ಡೀಲರಿಗೂ ಫೋನ್ ಮಾಡಿ ಕೇಳಿದೆ. ಕಂಪನಿಯ ಆ್ಯಪ್‌ನಲ್ಲೂ ನೋಡಿದೆ. ಎಲ್ಲ ಕಡೆ 15,930. ಆಗ ಧೈರ್ಯ ಬಂತು. ಬಿಲ್ಲಿನಲ್ಲಿ ಕಾರಿನ ಚಾಸಿ ನಂಬರು, ಶುರುವಾಗುವ ದಿನ, ಮುಗಿಯುವ ದಿನ, ಕಿಲೋಮೀಟರ್ ಮಿತಿ, ಮುಖ್ಯವಾಗಿ ವಾರಂಟಿ ಕೊಡುವವರು ಯಾರು ಅನ್ನೋ ಹೆಸರು, ಇವೆಲ್ಲ ಇದೆಯಾ ನೋಡಿಕೊಂಡೆ. ಈ ಕೊನೆಯದು ಯಾಕೆ ಅಂದರೆ, ಎಷ್ಟೋ ಸಲ ಡೀಲರ್ ಮಾರುವುದು ಕಾರು ಕಂಪನಿಯ ವಾರಂಟಿ ಆಗಿರುವುದೇ ಇಲ್ಲ. ಮೇಲೆ ಡೀಲರ್ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ಬೇರೆ ಯಾವುದೋ ಸಂಸ್ಥೆ. ಆ ಸಂಸ್ಥೆ ನಾಳೆ ಇರುತ್ತದೋ ಇಲ್ಲವೋ.

ಮನೆಯಲ್ಲಿ ಮಾತ್ರ ಬೈಸಿಕೊಂಡೆ. "ರೀ, 11,210ಕ್ಕೆ ಸಿಗ್ತಿತ್ತು, ಬುದ್ಧಿವಂತಿಕೆ ತೋರಿಸಕ್ಕೆ ಹೋಗಿ 4,720 ಜಾಸ್ತಿ ಕೊಟ್ರಲ್ಲ." ಲೆಕ್ಕ ಸರಿ ಇದೆ. ಮೂರು ವರ್ಷ ಆ ದುಡ್ಡು ಬ್ಯಾಂಕಲ್ಲಿತ್ತು ಅಂತ ಬಡ್ಡಿ ಹಿಡಿದರೂ ಎರಡೂವರೆ ಸಾವಿರ ಲಾಸು. ನಾನು ಒಪ್ಪಿಕೊಳ್ಳಲಿಲ್ಲ, ಆದರೆ ನಿಮ್ಮ ಹತ್ತಿರ ಒಪ್ಪಿಕೊಳ್ಳುತ್ತೇನೆ. ಎಎಂಟಿ, ಟರ್ಬೊ, ದೊಡ್ಡ ಸ್ಕ್ರೀನು ಇರುವ ಕಾರನ್ನು ಐದಾರು ವರ್ಷ ಇಟ್ಟುಕೊಳ್ಳುವುದು ಖಾತ್ರಿ ಇದ್ದರೆ ಮೊದಲ ದಿನವೇ ತಗೊಳ್ಳಿ. ಆದರೆ ಷರತ್ತು ಓದಿ ತಗೊಳ್ಳಿ. ಹೂವಿನ ಹಾರ, ಕೇಕು, ಫೋಟೋ ಗಡಿಬಿಡಿಯಲ್ಲಿ ಬೇಡ. ಕೊಟೇಶನ್ ಬಂದ ದಿನಕ್ಕೂ ಡೆಲಿವರಿಗೂ ಮಧ್ಯೆ ಹೇಗೂ ದಿನಗಳಿರುತ್ತವೆ.

ಅಷ್ಟರಲ್ಲಿ ಫೋನ್ ಕರೆಗಳ ಕಾಟ ಬೇರೆ. ಒಂದು ದಿನ ಒಬ್ಬ ಹುಡುಗಿ, "ಸರ್, ನಿಮ್ಮ ಕಾರಿನ ವಾರಂಟಿ ಮುಗೀತಾ ಇದೆ, ನಮ್ಮಲ್ಲಿ ಅರ್ಧ ರೇಟು." ನನ್ನ ಕಾರಿನ ವಾರಂಟಿ ಮುಗಿಯೋದು ಇವಳಿಗೆ ಹೇಗೆ ಗೊತ್ತಾಯಿತೋ ದೇವರೇ ಬಲ್ಲ. ಮೂರು ಪ್ರಶ್ನೆ ಕೇಳಿದೆ. ರಿಪೇರಿ ದುಡ್ಡು ನೀವೇ ಗ್ಯಾರೇಜಿಗೆ ಕೊಡ್ತೀರೋ, ಇಲ್ಲಾ ನಾನು ಕೊಟ್ಟು ಆಮೇಲೆ ನಿಮ್ಮ ಹಿಂದೆ ತಿರುಗಬೇಕೋ? ಒಂದು ಸಲಕ್ಕೆ ಎಷ್ಟು, ಒಟ್ಟು ಎಷ್ಟು ಮಿತಿ? ಷರತ್ತಿನ ಪಿಡಿಎಫ್ ದುಡ್ಡು ಕೊಡೋ ಮುಂಚೆ ಕಳಿಸ್ತೀರಾ? ಕಳಿಸ್ತೀನಿ ಸರ್ ಅಂದಳು. ವಾಟ್ಸಾಪಲ್ಲಿ ಒಂದು ಪೋಸ್ಟರ್ ಬಂತು. ಮತ್ತೆ ಗುಡ್ಡ, ಮತ್ತೆ ಕಾರು.

ಎಲ್ಲ ಹೊರಗಿನ ವಾರಂಟಿಯೂ ಮೋಸ ಅಂತ ನಾನು ಹೇಳಲ್ಲ. ಆದರೆ ನನ್ನ ಷಡ್ಡಕರು ಎಂಟು ವರ್ಷದ ಸೆಕೆಂಡ್ ಹ್ಯಾಂಡ್ ಕಾರಿಗೆ ಅಂಥದ್ದೊಂದು ತಗೊಂಡಿದ್ದರು. 'ಇಂಜಿನ್, ಗೇರ್‌ಬಾಕ್ಸ್ ಮಾತ್ರ'. ಕುಣಿಗಲ್ ದಾಟಿದ ಮೇಲೆ ವಾಟರ್ ಪಂಪ್ ಹೋಯಿತು. ಹೀಟ್ ಮುಳ್ಳು ಮೇಲೇರಿದ್ದು ಅವರು ನೋಡಲಿಲ್ಲ. ಇಂಜಿನ್ ಹೆಡ್ ಸೊಟ್ಟಗಾಯಿತು. ವಾಟರ್ ಪಂಪ್ ಪಟ್ಟಿಯಲ್ಲಿ ಇಲ್ಲ, ಪಟ್ಟಿಯಲ್ಲಿ ಇಲ್ಲದ್ದರಿಂದ ಇಂಜಿನ್ ಕೆಟ್ಟಿದೆ, ಆದ್ದರಿಂದ ಇಂಜಿನ್ನೂ ಇಲ್ಲ ಅಂದುಬಿಟ್ಟರು. ಇಂಜಿನ್ ವಾರಂಟಿ ಇಟ್ಟುಕೊಂಡು ಇಂಜಿನ್ ದುಡ್ಡು ಕೈಯಿಂದ ಕಟ್ಟಿದರು ಪಾಪ. ವಾರಂಟಿಗೆ ಅವರು ಕೊಟ್ಟಿದ್ದು ಕೇಳಿದರೆ ಮೂಗಿಗಿಂತ ಮೂಗುತಿ ಭಾರ.

ನನ್ನ ಕ್ಲೇಮುಗಳ ಕಥೆ ಹೇಳುತ್ತೇನೆ. ಮೊದಲನೆಯದು 2024ರ ಮಾರ್ಚ್. ಮುಂದಿನ ಎಡ ಚಕ್ರದ ಹತ್ತಿರ ಟಕ್ ಟಕ್ ಸದ್ದು. ಲೋಯರ್ ಆರ್ಮ್ ಬುಷ್ಷು. ರಬ್ಬರು, ಸವೆತ, ಇಲ್ಲ. ಹಾಳೆಯಲ್ಲಿ ಇಲ್ಲ ಅಂತ ನಾನೇ ಓದಿದ್ದೆ, ಜಗಳ ಆಡಲಿಲ್ಲ. 5,340 ಕೊಟ್ಟು ಬಂದೆ. ಎರಡನೆಯದು ಅದೇ ವರ್ಷ ಮಳೆಗಾಲದಲ್ಲಿ, ಹಿಂದಿನ ಕಿಟಕಿ ಅರ್ಧಕ್ಕೆ ನಿಂತಿತು. ಮೋಟರ್ ಬದಲಾಯಿಸಿದರು, 3,150 ರೂಪಾಯಿಯದು, ನಾನು ಪೈಸೆ ಕೊಡಲಿಲ್ಲ. ಅರ್ಧ ದಿನದಲ್ಲಿ ಮುಗಿಯಿತು.

ಮೂರನೆಯದು ದೊಡ್ಡದು. 2025ರ ಜೂನ್, ಶನಿವಾರ ಸಂಜೆ, ಮಾಗಡಿ ರೋಡ್ ಟೋಲ್‌ಗೇಟ್ ಸಿಗ್ನಲ್. ಹಸಿರು ಬಿತ್ತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಕಾರು ಕದಲಲ್ಲ. ಡಿಸ್‌ಪ್ಲೇ ಮೇಲೆ ನ್ಯೂಟ್ರಲ್ ಗುರುತು ಮಿಟಿ ಮಿಟಿ ಅಂತಿದೆ. ಹಿಂದೆ ಹಾರನ್ನಿನ ಜಾತ್ರೆ. ಆಟೋದವನೊಬ್ಬ ಇಳಿದು ಬಂದ. "ಅಣ್ಣಾ, ನ್ಯೂಟ್ರಲ್‌ಗೆ ಹಾಕಿ, ತಳ್ತೀನಿ."

"ನ್ಯೂಟ್ರಲ್ಲಲ್ಲೇ ಇದೆ ಕಣಪ್ಪಾ, ಅದೇ ಪ್ರಾಬ್ಲಮ್ಮು."

ಅವನೂ ಇನ್ನೊಬ್ಬನೂ ಸೇರಿ ಪಕ್ಕಕ್ಕೆ ತಳ್ಳಿದರು. ಇನ್ಶೂರೆನ್ಸ್‌ನ ಆರ್‌ಎಸ್‌ಎಗೆ ಫೋನ್ ಮಾಡಿದೆ. ಒಂದೂವರೆ ಗಂಟೆಗೆ ಬಂದು ಎತ್ತಿಕೊಂಡು ಹೋದರು. ಆ 2,470 ಉಳಿಸಿದ್ದು ಅಲ್ಲಿ ಸಾರ್ಥಕ ಅನ್ನಿಸಿತು.

ಸೋಮವಾರ ಹೋದೆ. ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿ ಆಕ್ಚುಯೇಟರ್ ಹೋಗಿದೆ ಅಂದರು. ಕೂಲಿ ಸೇರಿ 48,600. "ಆದರೆ ಸರ್, ಕ್ಲಚ್ ಸವೆದಿದೆ. ಅದರಿಂದ ಆಕ್ಚುಯೇಟರ್ ಮೇಲೆ ಲೋಡ್ ಬಿದ್ದಿದೆ. ಸವೆತದ ಲೆಕ್ಕಕ್ಕೆ ಬರುತ್ತೆ. ವಾರಂಟಿ ಕಷ್ಟ." ಷಡ್ಡಕರ ವಾಟರ್ ಪಂಪ್ ಕಣ್ಣ ಮುಂದೆ ಬಂತು. ಚೀಲದಿಂದ ಎ3 ಹಾಳೆ ತೆಗೆದು ಅವನ ಟೇಬಲ್ ಮೇಲೆ ಹರವಿದೆ. ಕೀಬೋರ್ಡ್, ಟೀ ಲೋಟ ಎಲ್ಲ ಮುಚ್ಚಿಹೋಯಿತು. ಹಳದಿ ಬಳಿದ ಸಾಲನ್ನು ತೋರಿಸಿದೆ. ಹುಡುಗ ಬಗ್ಗಿ ಓದಿದ. "ಇದು ಎಲ್ಲಿ ಸಿಕ್ತು ಸರ್?" "ನೀವೇ ಕೊಟ್ಟಿದ್ದು ಕಣಪ್ಪಾ."

ಆಮೇಲೆ ಕಂಪ್ಯೂಟರ್ ನೋಡಿ ಇನ್ನೊಂದು ಎತ್ತಿದ. ಎರಡನೇ ಸರ್ವಿಸ್ ತಡವಾಗಿದೆ, 2021ರ ಮೇನಲ್ಲಿ ಆಗಬೇಕಿದ್ದು ಜೂನ್ ಕೊನೆಗೆ ಆಗಿದೆ ಅಂತ. ಆ ಮೇನಲ್ಲಿ ಊರೆಲ್ಲ ಲಾಕ್‌ಡೌನ್. ಅವರ ಸರ್ವಿಸ್ ಸೆಂಟರ್ ಬಾಗಿಲೇ ಹಾಕಿತ್ತು! ಆಗ ಕಂಪನಿಯವರೇ ಸರ್ವಿಸ್ ಅವಧಿ ಮುಂದೂಡಿದ್ದೇವೆ ಅಂತ ಮೆಸೇಜ್ ಕಳಿಸಿದ್ದರು. ನನ್ನ ಹುಚ್ಚು ನೋಡಿ, ಆ ಮೆಸೇಜನ್ನೂ ಪ್ರಿಂಟ್ ತೆಗೆದು ಸರ್ವಿಸ್ ಫೈಲಿಗೆ ಹಾಕಿದ್ದೆ. ಅದನ್ನೂ ಇಟ್ಟೆ.

ದನಿ ಏರಿಸಲಿಲ್ಲ. ಒಂದೇ ಮಾತು ಹೇಳಿದೆ, "ಆಗಲ್ಲ ಅಂದ್ರೆ ಬೇಜಾರಿಲ್ಲ. ಯಾವ ಷರತ್ತಿನ ಪ್ರಕಾರ ಆಗಲ್ಲ ಅಂತ ಜಾಬ್ ಕಾರ್ಡ್ ಮೇಲೆ ಬರೆದು ಸಹಿ ಹಾಕಿ. ನಾನು 1915ಕ್ಕೆ ಫೋನ್ ಮಾಡ್ತೀನಿ." ಅದು ಸರ್ಕಾರದ ಗ್ರಾಹಕ ಸಹಾಯವಾಣಿ ನಂಬರು, ಬರೆದಿಟ್ಟುಕೊಳ್ಳಿ. ಬಾಯಲ್ಲಿ ಹೇಳಿದ 'ಇಲ್ಲ'ಕ್ಕೂ ಬರೆದು ಕೊಡುವ 'ಇಲ್ಲ'ಕ್ಕೂ ಅಜಗಜಾಂತರ. ಬರೆಯಲು ಯಾರೂ ಮುಂದೆ ಬರಲಿಲ್ಲ. ವರ್ಕ್ಸ್ ಮ್ಯಾನೇಜರ್ ಬಂದರು. ಫೋಟೋ ತೆಗೆಸಿ ಕಂಪನಿಗೆ ರಿಪೋರ್ಟ್ ಕಳಿಸ್ತೀವಿ ಅಂದರು. ಆರನೇ ದಿನ ಒಪ್ಪಿಗೆ ಬಂತು. ಹನ್ನೊಂದನೇ ದಿನ ಕಾರು ಬಂತು.

ಕ್ಲಚ್ ಸೆಟ್ ದುಡ್ಡು 11,300 ನಾನೇ ಕೊಟ್ಟೆ. ಅದು ನ್ಯಾಯ, ಸವೆದಿದ್ದು ನಿಜ. ಆದರೆ ಮೊದಲ ಎಸ್ಟಿಮೇಟಿನಲ್ಲಿ ಗೇರ್‌ಬಾಕ್ಸ್ ಇಳಿಸುವ ಕೂಲಿಯನ್ನು ವಾರಂಟಿ ಲೆಕ್ಕದಲ್ಲಿ ಒಂದು ಸಲ, ಕ್ಲಚ್ ಹೆಸರಲ್ಲಿ ನನ್ನ ಲೆಕ್ಕದಲ್ಲಿ ಇನ್ನೊಂದು ಸಲ ಹಾಕಿದ್ದರು. ಒಂದು ಗೇರ್‌ಬಾಕ್ಸನ್ನು ಎರಡು ಸಲ ಇಳಿಸ್ತೀರಾ ಅಂದೆ. ತೆಗೆದರು. ಎಸ್ಟಿಮೇಟ್ ಸಾಲು ಸಾಲು ಓದಿ. ಹಳೇ ಪಾರ್ಟ್ ತೋರಿಸಿ ಅಂತಲೂ ಕೇಳಿ.

ಲೆಕ್ಕ ಹಾಕಿದರೆ 15,930 ಕೊಟ್ಟೆ, 51,750 ರೂಪಾಯಿಯ ಕೆಲಸ ಆಯಿತು. ಕೇಳಿದವರು ವಾಹ್ ಅನ್ನುತ್ತಾರೆ. ಆದರೆ ಆಕ್ಚುಯೇಟರ್ ಕೈ ಕೊಡದೇ ಇದ್ದಿದ್ದರೆ ನನ್ನ ಲಾಭ ಒಂದು ಕಿಟಕಿ ಮೋಟರು, 3,150. ನನ್ನ ಅಂಗಡಿ ಪಕ್ಕದ ಹಾರ್ಡ್‌ವೇರ್ ಶಾಪಿನವರದು ಸಾದಾ ಮ್ಯಾನುವಲ್ ಗೇರ್ ಕಾರು, ಟರ್ಬೊ ಇಲ್ಲ, ಟಚ್ ಸ್ಕ್ರೀನ್ ಇಲ್ಲ, ವಾರಕ್ಕೊಮ್ಮೆ ದೇವಸ್ಥಾನಕ್ಕೆ ತೆಗೆಯುತ್ತಾರೆ. ಅವರು ಕೇಳಿದಾಗ ಬೇಡ ಅಂದೆ. ಆ ದುಡ್ಡನ್ನು ಬ್ಯಾಂಕಲ್ಲಿಡಿ, ಬುಷ್ಷಿಗೆ ಟೈರಿಗೆ ಆಗುತ್ತದೆ, ಅವು ಹೇಗೂ ಕೈಯಿಂದಲೇ ಹೋಗುವುದು. ಅಕ್ಕನ ಮಗನಿಗೆ ತಗೋ ಅಂದೆ, ಕಿಲೋಮೀಟರ್ ಮಿತಿ ಜಾಸ್ತಿ ಇರುವುದನ್ನೇ ತಗೋ ಅಂದೆ. ಎರಡು ವರ್ಷದಲ್ಲಿ ಕಾರು ಮಾರುವವರು ಹೊಸ ಓನರ್ ಹೆಸರಿಗೆ ವಾರಂಟಿ ವರ್ಗ ಆಗುತ್ತಾ ಅಂತ ಕೇಳಿಕೊಂಡು ತಗೊಳ್ಳಿ. ನನ್ನದರಲ್ಲಿ ಆಗುತ್ತದೆ, ಅರ್ಜಿ ಕೊಡಬೇಕು.

ಸ್ಟಾರ್ ಕೊಡಲೇಬೇಕು ಅಂದರೆ ವಾರಂಟಿಗೆ ಐದಕ್ಕೆ ನಾಲ್ಕು. ಅದನ್ನು ಮಾರಿದ ರೀತಿಗೆ ಒಂದು. ಕ್ಲೇಮ್ ಮಾಡಿದ ಅನುಭವಕ್ಕೆ ಮೂರು, ಅದರಲ್ಲಿ ಒಂದು ನನ್ನ ಜೆರಾಕ್ಸ್ ಮಿಷಿನ್ನಿಗೆ ಸೇರಬೇಕು.

ಇನ್ನೊಂದು ಕೆಲಸ ಬಾಕಿ ಇದೆ. ವಾರಂಟಿ ಮುಗಿಯುವ ಮುಂಚೆ ಕಾರನ್ನು ಒಮ್ಮೆ ಒಯ್ದು, ಇರುವ ಸಣ್ಣಪುಟ್ಟ ದೂರನ್ನೆಲ್ಲ ಜಾಬ್ ಕಾರ್ಡಿನಲ್ಲಿ ಬರೆಸಬೇಕು. ತಾರೀಕು ಹಾಕಿದ ಜಾಬ್ ಕಾರ್ಡ್ ಕೈಯಲ್ಲಿದ್ದರೆ, ಮುಗಿದ ಮೇಲೆ ಅದೇ ದೂರು ಮತ್ತೆ ಬಂದಾಗ ಮಾತಾಡಲು ಒಂದು ಹಿಡಿತ ಇರುತ್ತದೆ. ಗುರುವಾರ ಬೆಳಗ್ಗೆ ಒಂಬತ್ತೂವರೆಗೆ ಟೈಮ್ ತಗೊಂಡಿದ್ದೇನೆ. ಪಟ್ಟಿ ಮಾಡಿದ್ದೇನೆ. ಎಸಿ ಮೊದಲಿನಷ್ಟು ತಣ್ಣಗಿಲ್ಲ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಂದು ಸದ್ದು, ಸ್ಕ್ರೀನು ಬಿಸಿಲಲ್ಲಿ ಒಮ್ಮೊಮ್ಮೆ ತಾನೇ ಆಫ್ ಆಗುತ್ತದೆ. ಕೆಳಗೆ ನನ್ನ ಹೆಂಡತಿ ಪೆನ್ಸಿಲ್‌ನಲ್ಲಿ ನಾಲ್ಕನೆಯದು ಸೇರಿಸಿದ್ದಾಳೆ. ಹಿಂದಿನ ಎಡ ಬಾಗಿಲು ಕಿರ್ ಅನ್ನುತ್ತದಂತೆ. ಅದಕ್ಕೆ ಎಣ್ಣೆ ಸಾಕು ಕಣೇ ಅಂದೆ. "ಬರೆಸಿ, 15,930 ಕೊಟ್ಟಿದ್ದೀವಿ" ಅಂದಳು.